ಕೆಮ್ಮಿಗೆ ಬಾಟಲಿ ಕೇಳುವ ಮುಂಚೆ

ಸೊಲ್ಲಾಪುರ ರಸ್ತೆಯಲ್ಲಿ ಔಷಧದ ಅಂಗಡಿ ಇಟ್ಟವನಿಗೆ ಪಂಚಾಂಗ ಬೇಡ. ಕೌಂಟರಿನ ಆಚೆ ನಿಂತು ಕೆಮ್ಮುವವರನ್ನು ನೋಡಿದರೆ ತಿಂಗಳು ಯಾವುದೆಂದು ತಿಳಿಯುತ್ತದೆ. ಎಳ್ಳ ಅಮಾವಾಸ್ಯೆ ಕಳೆದು ತೊಗರಿ ರಾಶಿ ಶುರುವಾದರೆ ಮಶಿನ್ನಿನ ಮುಂದೆ ನಿಂತವರು ಬರುತ್ತಾರೆ, ಅವರ ಹಿಂದೆಯೇ ಬಿಳಿಜೋಳದ ರಾಶಿಯವರು. ಫೆಬ್ರವರಿ ದಾಟಿತೆಂದರೆ ತಿಕೋಟಾ, ಬಾಬಾನಗರ, ಬಿಜ್ಜರಗಿ ಕಡೆಯ ಒಣದ್ರಾಕ್ಷಿ ಶೆಡ್ಡಿನವರು. ಬಬಲೇಶ್ವರದ ಕಡೆ ಕಬ್ಬು ಕಡಿದು ರವದಿಗೆ ಬೆಂಕಿ ಹಚ್ಚಿದ ವಾರ ಅಲ್ಲಿಯವರು. ಮಳೆ ಬಿದ್ದು ಬದುವಿನ ಮೇಲೆ ಕಾಂಗ್ರೆಸ್ ಕಸ ಹೂಬಿಟ್ಟಾಗ ಮೂಗು ಸೋರುವವರು, ಕಣ್ಣು ತಿಕ್ಕಿಕೊಳ್ಳುವವರು. ಬೇನೆ ಬೇರೆ ಬೇರೆ, ಮಾತು ಮಾತ್ರ ಒಂದೇ: “ಕಾಕಾ, ಕೆಮ್ಮಿಗೊಂದು ಚಲೋ ಬಾಟ್ಲಿ ಕೊಡ್ರಿ.”

ಅಂಗಡಿ ಈಗ ಮಗನದು. ನಾನು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತೇನೆ. ಔಷಧ ಕೊಡುವುದು ಬಿಟ್ಟಿದ್ದೇನೆ, ಪ್ರಶ್ನೆ ಕೇಳುವ ಚಟ ಬಿಟ್ಟಿಲ್ಲ. ಎಷ್ಟು ದಿನದಿಂದ? ಯಾವ ಹೊತ್ತಿಗೆ ಜಾಸ್ತಿ? ಏನು ಮಾಡುವಾಗ? ಅಂಗಡಿಯ ಹುಡುಗರಿಗೆ ಇದು ಮುದುಕನ ಕಿರಿಕಿರಿ. ಆದರೆ ತಮ್ಮಾ, ನಾನು ಡಾಕ್ಟರ್ ಅಲ್ಲ, ನಿನ್ನ ಎದೆಯೊಳಗೆ ಏನಿದೆಯೆಂದು ಹೇಳಲಾರೆ. ಈ ಮೂರಕ್ಕೆ ಉತ್ತರ ತಯಾರು ಮಾಡಿಕೊಂಡು ಹೋದರೆ ಹೇಳಬಲ್ಲವರ ಕೆಲಸ ಅರ್ಧ ಮುಗಿಯುತ್ತದೆ. ಇದೇ ರಸ್ತೆಯ ಮೇಲೆ ಬಿ.ಎಲ್.ಡಿ.ಇ. ಸಂಸ್ಥೆಯ ಬಿ.ಎಂ. ಪಾಟೀಲ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. ಕಾಲೇಜು ಶುರುವಾದದ್ದು 1986ರಲ್ಲಿ. ಎದೆಯ ಬೇನೆಗೆಂದೇ ಅಲ್ಲಿ ವಿಭಾಗವಿದೆ. ಅದರ ಗೇಟು ದಾಟಿ ಬಂದು ನನ್ನಲ್ಲಿ ಬಾಟಲಿ ಕೊಳ್ಳುವವರನ್ನು ಕಂಡರೆ, ವ್ಯಾಪಾರಿಯಾದ ನನಗೂ ಒಮ್ಮೊಮ್ಮೆ ಸಿಟ್ಟು ಬರುತ್ತದೆ.

ದಿನದ ಲೆಕ್ಕ ಮೊದಲು ಹಿಡಿ. ಗಂಟಲು ಕೆರೆದು, ಮೂಗು ಸೋರಿ, ಮೈ ಬೆಚ್ಚಗಾಗಿ ಬರುವ ನೆಗಡಿ ವೈರಸ್ಸಿನದು. ವಾರ, ಹತ್ತು ದಿನದಲ್ಲಿ ಅದು ತಾನಾಗಿ ಇಳಿಯುತ್ತದೆ. ಆಮೇಲೂ ಒಂದಿಷ್ಟು ಕೆಮ್ಮು ಉಳಿಯಬಹುದು, ಆದರೆ ಅದು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಾ ಬರಬೇಕು. ಕಫ ಹಳದಿಯಾಯಿತೆಂದ ಕೂಡಲೇ ಆಂಟಿಬಯೋಟಿಕ್ ಕೇಳುವವರು ಬಹಳ. ಬಣ್ಣ ಒಂದನ್ನೇ ನೋಡಿ ಅದನ್ನು ನುಂಗುವಂತಿಲ್ಲ, ವೈರಸ್ಸಿಗೆ ಅದು ನಾಟುವುದೂ ಇಲ್ಲ. ಬಿಸಿನೀರು, ಜೇನುತುಪ್ಪ, ಜ್ವರಕ್ಕೆ ಪ್ಯಾರಾಸಿಟಮಾಲ್, ನಿದ್ದೆ, ಇಷ್ಟರಲ್ಲೇ ಮುಗಿಯುತ್ತದೆ. ಹಬೆ ತೆಗೆದುಕೊಂಡರೆ ಮೂಗಿಗೆ ಹಿತ, ಆದರೆ ಕುದಿಯುವ ಪಾತ್ರೆ ತೊಡೆಯ ಮೇಲೆ ಇಟ್ಟುಕೊಂಡು ಸುಟ್ಟುಕೊಂಡವರಿಗೂ ನನ್ನ ಅಂಗಡಿಯಿಂದ ಮುಲಾಮು ಹೋಗಿದೆ.

ಎರಡು ವಾರ ಕಳೆದೂ ಕೆಮ್ಮು ಇದ್ದಲ್ಲೇ ಇದ್ದರೆ ಕಫದ ಪರೀಕ್ಷೆ ಮಾಡಿಸಲೇಬೇಕು. ಸಂಜೆಗೆ ಸಣ್ಣ ಜ್ವರ, ರಾತ್ರಿ ಬೆವರು, ಊಟ ಸೇರದೆ ಮೈ ಇಳಿಯುವುದು, ಕಫದಲ್ಲಿ ರಕ್ತದ ಎಳೆ, ಇವುಗಳಲ್ಲಿ ಒಂದು ಕೂಡಿಕೊಂಡರೂ ಎರಡು ವಾರ ಕಾಯುವುದೂ ಬೇಡ. ಕ್ಷಯದ ಹೆಸರು ಎತ್ತಿದರೆ ನಮ್ಮ ಕಡೆ ಇವತ್ತಿಗೂ ಮಗಳ ಮದುವೆಯ ಮಾತು ನಿಂತೀತೆಂದು ಅಂಜುತ್ತಾರೆ. ಅಂಜಿ ಬಾಟಲಿ ಮೇಲೆ ಬಾಟಲಿ ಕುಡಿಯುತ್ತಾರೆ. ಇದು ಹಳೆಯ ಕಥೆ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ಇದ್ದವರನ್ನು ಮಾತಾಡಿಸಿ 1963ರಲ್ಲಿ ಬರೆದ ವರದಿ ಜಗತ್ತಿನ ತುಂಬ ಓದಿಸಿಕೊಂಡಿತು. ಹಳ್ಳಿಯ ಜನಕ್ಕೆ ತಿಳಿವಳಿಕೆಯಿಲ್ಲ, ಅವರು ದವಾಖಾನೆಗೆ ಬರುವುದಿಲ್ಲ ಎಂದು ದೊಡ್ಡವರು ನಂಬಿದ್ದ ಕಾಲ ಅದು. ನೋಡಿದರೆ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಚಿಕಿತ್ಸೆ ಕೇಳಿಕೊಂಡು ಹೋಗಿದ್ದರು. ಹೋದವರಲ್ಲಿ ಬಹಳ ಮಂದಿ ಕೆಮ್ಮಿನ ಔಷಧದ ಬಾಟಲಿ ಹಿಡಿದು ಮನೆಗೆ ಮರಳಿದ್ದರು. ಕಫ ನೋಡಿದವರು ಇರಲಿಲ್ಲ. ಅರವತ್ತು ವರ್ಷ ದಾಟಿದೆ. ಬಾಟಲಿಯ ಲೇಬಲ್ ಬದಲಾಗಿದೆ ಅಷ್ಟೇ ಎಂದು ನನಗೆ ಅನಿಸುವುದುಂಟು.

ಈಗ ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆಗೆ ಹಣ ಕೊಡಬೇಕಿಲ್ಲ. ಟ್ರೂನಾಟ್ ಎಂಬ ನಮ್ಮ ದೇಶದ್ದೇ ಯಂತ್ರ ಕ್ಷಯ ಇದೆಯೋ ಇಲ್ಲವೋ ಎಂಬುದನ್ನು ಕೆಲವೇ ತಾಸುಗಳಲ್ಲಿ ಹೇಳುತ್ತದೆ, ಮುಖ್ಯ ಮಾತ್ರೆಗೆ ಅದು ಬಗ್ಗುವ ಜಾತಿಯೋ ಎಂಬುದನ್ನೂ ಹೇಳುತ್ತದೆ. ಮಾಮೂಲಿ ಕ್ಷಯಕ್ಕೆ ಆರು ತಿಂಗಳ ಮಾತ್ರೆ, ಅದೂ ಪುಕ್ಕಟೆ. ಊಟ ಉಪಚಾರಕ್ಕೆಂದು ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರಿನಿಂದ ಅದನ್ನು 1,000 ಮಾಡಿದ್ದಾರೆ. ಕಷ್ಟ ಇರುವುದು ಎರಡನೆಯ ತಿಂಗಳಿನಲ್ಲಿ. ಜ್ವರ ಹೋಗಿ, ಹಸಿವು ಮರಳಿ, ರೊಟ್ಟಿ ರುಚಿಸತೊಡಗಿದಾಗ “ಆರಾಮಾತು” ಎಂದು ಮಾತ್ರೆ ಬಿಡುತ್ತಾರೆ. ಬಿಟ್ಟ ಕ್ಷಯ ಮರಳಿ ಬಂದರೆ ಅದೇ ಮಾತ್ರೆಗೆ ಬಗ್ಗದೆ ಹೋಗಬಹುದು. ಹಾಗೆ ಬಿಟ್ಟವರನ್ನು ಕಂಡರೆ ನಾನು ಬೈಯದೆ ಬಿಡುವುದಿಲ್ಲ.

ಇನ್ನು ಹೊತ್ತು. ಹಗಲೆಲ್ಲ ಗಟ್ಟಿಯಾಗಿ ಓಡಾಡಿಕೊಂಡಿದ್ದವರು ಬೆಳಗಿನ ಜಾವ ಎಚ್ಚರವಾಗಿ ಎದ್ದು ಕೂರುತ್ತಾರೆ. ಎದೆ ಬಿಗಿ, ಒಣಕೆಮ್ಮು, ಉಸಿರು ಬಿಡುವಾಗ ಸುಂಯ್ ಎಂಬ ಸದ್ದು. ನೆಗಡಿಯಾದಾಗ, ನಕ್ಕಾಗ, ಒಗ್ಗರಣೆಯ ಘಾಟಿಗೆ, ಊದುಬತ್ತಿಯ ಹೊಗೆಗೆ ಹೆಚ್ಚು. ನಡುವೆ ವಾರಗಟ್ಟಲೆ ಏನೂ ಇಲ್ಲ. ಹೀಗೆ ಬಂದು ಹೋಗುವುದು ಅಸ್ತಮಾದ ಗುಣ. ಇದರಲ್ಲಿ ಒಂದು ಪೇಚಿದೆ: ಹನ್ನೊಂದು ಗಂಟೆಗೆ ಡಾಕ್ಟರ ಮುಂದೆ ಕೂತಾಗ ಎದೆ ಸ್ವಚ್ಛ, ಸದ್ದೇ ಇಲ್ಲ. ಅದಕ್ಕೇ ರಾತ್ರಿ ಹಾಗಾದಾಗ ಮನೆಯವರ ಕೈಗೆ ಮೊಬೈಲ್ ಕೊಟ್ಟು ಅರ್ಧ ನಿಮಿಷ ವಿಡಿಯೋ ಮಾಡಿಸಿಕೋ. ಆ ಸುಂಯ್ ಸದ್ದನ್ನು ಕೇಳಿಸಿದರೆ ನೀನು ಬಾಯಲ್ಲಿ ಹೇಳುವುದಕ್ಕಿಂತ ಹೆಚ್ಚು ತಿಳಿಯುತ್ತದೆ.

ಎದ್ದ ಕೂಡಲೇ ಕೆಮ್ಮಿ ಕೆಮ್ಮಿ ಕಫ ತೆಗೆಯುವವರು ಬೇರೆ. ವರ್ಷಕ್ಕೆ ಮೂರು ತಿಂಗಳು, ಒಂದರ ಹಿಂದೊಂದು ಎರಡು ವರ್ಷ ಹೀಗೇ ಆದರೆ ಶ್ವಾಸನಾಳ ಕೆಟ್ಟಿದೆ ಎಂದು ಲೆಕ್ಕ. ಮೊದಲು ಏರು ಹತ್ತುವಾಗ ತೇಕು, ಆಮೇಲೆ ಸಪಾಟು ನೆಲದಲ್ಲೂ ಓರಗೆಯವರ ಜೊತೆ ಹೆಜ್ಜೆ ಹಾಕಲಾಗದು, ಕೊನೆಗೆ ಸ್ನಾನ ಮಾಡಿ ಬಟ್ಟೆ ಹಾಕಿಕೊಳ್ಳುವಷ್ಟರಲ್ಲಿ ದಮ್ಮು. ಡಾಕ್ಟರರು ಸಿ.ಓ.ಪಿ.ಡಿ. ಅನ್ನುತ್ತಾರೆ. 2016ರ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಇದು ಸುಮಾರು ಐದೂವರೆ ಕೋಟಿ ಜನಕ್ಕಿತ್ತು, ಅಸ್ತಮಾ ಇದ್ದವರು ಮೂರು ಕೋಟಿ ಎಂಬತ್ತು ಲಕ್ಷದ ಹತ್ತಿರ. ಬೀಡಿ ಸೇದಿದವರಿಗೆ ಮಾತ್ರ ಎಂದು ತಿಳಿಯಬೇಡ. ಜನ್ಮದಲ್ಲಿ ಬೀಡಿ ಮುಟ್ಟದ ಅವ್ವಂದಿರು, ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು ಹಚ್ಚಿ ಮೂವತ್ತು ನಲವತ್ತು ವರ್ಷ ರೊಟ್ಟಿ ಬಡಿದವರು, ಇದೇ ಬೇನೆ ಹೊತ್ತುಕೊಂಡು ಬರುತ್ತಾರೆ. “ವಯಸ್ಸಾತಲ್ರಿ, ದಮ್ಮು ಇರೂದ” ಎಂದು ಮಕ್ಕಳೇ ಅವರ ಪರವಾಗಿ ಉತ್ತರ ಹೇಳುತ್ತಾರೆ. ವಯಸ್ಸಾದರೆ ಕೂದಲು ಬೆಳ್ಳಗಾಗುತ್ತದೆ, ಬಚ್ಚಲಿನಿಂದ ಪಡಸಾಲೆಗೆ ಬರುವಷ್ಟರಲ್ಲಿ ಏದುಸಿರು ಬರಬೇಕಿಲ್ಲ. ಗ್ಯಾಸ್ ಬಂದ ಮನೆಗಳಲ್ಲೂ ರೊಟ್ಟಿಗೆ ಒಲೆಯೇ ಆಗಬೇಕು ಎನ್ನುತ್ತೀರಿ. ಹಾಗಿದ್ದರೆ ಒಲೆಯನ್ನು ಹಿತ್ತಲಿನ ಬಯಲಿಗಾದರೂ ತನ್ನಿ.

ಮಲಗಿದ ಕೂಡಲೇ ಉಸಿರು ಕಟ್ಟಿ, ಎದ್ದು ಕುಂತರೆ ಸರಾಗವಾಗಿ, ಪಾದ ಊದಿಕೊಂಡಿದ್ದರೆ ಅದು ಎದೆಗೂಡಿನ ಇನ್ನೊಂದು ಅಂಗದ ಕೂಗು. ಹೃದಯ ತೋರಿಸಬೇಕು.

ಮೂರನೆಯ ಪ್ರಶ್ನೆ ಕೆಲಸದ್ದು. ಆಸ್ಪತ್ರೆಯಲ್ಲಿ “ಒಕ್ಕಲುತನ” ಎಂದು ಹೇಳಿ ಸುಮ್ಮನಾಗುತ್ತೀರಿ. ಒಕ್ಕಲುತನದಲ್ಲಿ ಏನು ಮಾಡಿದೆ ಎಂಬುದನ್ನು ಹೇಳಬೇಕು. ಒಣದ್ರಾಕ್ಷಿಗೆ ಬಂಗಾರದ ಬಣ್ಣ ಬರಲೆಂದು ಶೆಡ್ಡಿಗೆ ಪರದೆ ಕಟ್ಟಿ ಒಳಗೆ ಗಂಧಕ ಉರಿಸುತ್ತಾರಲ್ಲ, ಆ ಹೊಗೆಯಲ್ಲಿ ಇರುವುದು ಸಲ್ಫರ್ ಡೈಆಕ್ಸೈಡ್. ಗಂಟಲಿನ, ಶ್ವಾಸನಾಳದ ಪಸೆಗೆ ಸೇರಿ ಅದು ಆಮ್ಲವಾಗುತ್ತದೆ. ಅಸ್ತಮಾ ಇದ್ದವನಿಗೆ ಕೆಲವೇ ನಿಮಿಷದಲ್ಲಿ ಎದೆ ಹಿಡಿದುಕೊಳ್ಳುತ್ತದೆ. ಮುಖಕ್ಕೆ ಟವೆಲ್ ಸುತ್ತಿಕೊಂಡು ಒಳಗೆ ನುಗ್ಗುವವರನ್ನು ಕಂಡಿದ್ದೇನೆ. ಟವೆಲ್ಲಿಗೆ ಅನಿಲ ತಡೆಯುವ ಶಕ್ತಿ ಇಲ್ಲ. ಕೊರೊನಾ ಕಾಲದಲ್ಲಿ ಮನೆ ಸೇರಿದ ಎನ್-95 ಮಾಸ್ಕ್ ಕೂಡ ಇಲ್ಲಿ ಕೆಲಸ ಮಾಡದು. ಅದು ಧೂಳು ಹಿಡಿಯುತ್ತದೆ, ಅನಿಲವನ್ನು ಬಿಡುತ್ತದೆ. ಅನಿಲಕ್ಕೆ ಬೇರೆ ಡಬ್ಬಿ ಕೂಡಿಸಿದ ಮಾಸ್ಕ್ ಬೇಕು. ಅದಿಲ್ಲದಿದ್ದರೆ ಪರದೆ ಎತ್ತಿ, ಗಾಳಿಯಾಡಿ, ಘಾಟು ಪೂರ್ತಿ ಹೋಗುವತನಕ ಹೊರಗೆ ನಿಲ್ಲು. ದಮ್ಮಿನವನನ್ನು ಗಂಧಕದ ಪಾಳಿಗೆ ಹಾಕಲೇಬೇಡ, ಹಣ್ಣು ಹರವುವ, ಆರಿಸುವ ಕೆಲಸ ಬೇಕಾದಷ್ಟಿದೆ. ಅದೇ ಎನ್-95 ರಾಶಿಯ ಮಶಿನ್ನಿನ ಮುಂದೆ, ಜೋಳದ ಕಣದಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ, ಆದರೆ ಅಲ್ಲಿ ಯಾರೂ ಹಾಕುವುದಿಲ್ಲ. ನಾವು ಹೀಗೇ.

ಬಣವಿಯ ಕಥೆ ಇನ್ನೊಂದು. ಮಳೆಯಲ್ಲಿ ನೆನೆದು ಬೂಸರು ಹಿಡಿದ ಕಣಕಿ ಹಿರಿದ ದಿನ ಸಂಜೆಗೆ ಚಳಿಜ್ವರ, ಒಣಕೆಮ್ಮು, ಉಸಿರು ಸಾಲದು. ಎರಡು ದಿನ ಮನೆಯಲ್ಲಿದ್ದರೆ ಆರಾಮ. ಮತ್ತೆ ಬಣವಿಗೆ ಕೈ ಹಾಕಿದರೆ ಮತ್ತೆ ಅದೇ. ಪ್ರತಿಸಲ ಫ್ಲೂ ಎಂದೇ ಮಾತ್ರೆ ನುಂಗುತ್ತಾರೆ. ಬೂಸರಿನ ಧೂಳಿಗೆ ಶ್ವಾಸಕೋಶ ಉರಿದುಕೊಳ್ಳುವ ಬೇನೆ ಇದು, ಹಳೆಯ ಕಬ್ಬಿನ ಸಿಪ್ಪೆಯ ರಾಶಿಯಲ್ಲಿ ಕೆಲಸ ಮಾಡುವ ಸಕ್ಕರೆ ಕಾರ್ಖಾನೆಯವರಿಗೂ ಬರುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಶ್ವಾಸಕೋಶ ಗಟ್ಟಿಯಾಗಿಬಿಡುತ್ತದೆ. ಬಣವಿ ಎಂಬ ಶಬ್ದ ನೀನು ಬಾಯಿಬಿಟ್ಟು ಹೇಳದಿದ್ದರೆ ಯಾವ ಎಕ್ಸ್‌ರೇಯೂ ಅದನ್ನು ಹೇಳಿಕೊಡುವುದಿಲ್ಲ.

ಈಗ ದಮ್ಮಿನ ಪಂಪಿನ, ಅಂದರೆ ಇನ್ಹೇಲರಿನ ಮಾತಿಗೆ ಬರುತ್ತೇನೆ, ಇಷ್ಟೂ ಹೊತ್ತು ಕಾದದ್ದು ಇದಕ್ಕೇ. “ಪಂಪ್ ಹಚ್ಚಿಕೊಂಡ್ರ ಮುಗೀತ್ರಿ, ಸಾಯೂತನ ಬಿಡಾಕಾಗೂದಿಲ್ಲ” ಎಂಬ ಮಾತು ತಿಕೋಟಾದಿಂದ ಹೊರ್ತಿಯವರೆಗೆ ಎಲ್ಲರ ಬಾಯಲ್ಲೂ ಇದೆ. ಬಿಡಲಾಗದಿರುವುದು ಬೇನೆ, ಪಂಪ್ ಅಲ್ಲ. ನೀನೇ ಲೆಕ್ಕ ಹಾಕು. ದಮ್ಮಿಗೆ ಕೊಡುವ ಸಾಲ್ಬುಟಮಾಲ್ ಮಾತ್ರೆ 4 ಮಿಲಿಗ್ರಾಮಿನದು. ಅದೇ ಔಷಧ ಪಂಪಿನಲ್ಲಿ ಒಂದು ಸಲ ಒತ್ತಿದರೆ ಬರುವುದು 100 ಮೈಕ್ರೊಗ್ರಾಂ, ಎರಡು ಸಲ ಒತ್ತಿದರೂ ಮಾತ್ರೆಯ ಇಪ್ಪತ್ತನೆಯ ಒಂದು ಪಾಲು. ಮಾತ್ರೆ ಹೊಟ್ಟೆಗಿಳಿದು, ರಕ್ತ ಸೇರಿ, ಕೈ ನಡುಗಿಸಿ, ಎದೆ ಬಡಿಸಿ, ಆಮೇಲೆ ಶ್ವಾಸನಾಳಕ್ಕೆ ಬರುತ್ತದೆ. ಪಂಪ್ ನೇರ ಅಲ್ಲಿಗೇ ಹೋಗುತ್ತದೆ. ದ್ರಾಕ್ಷಿ ತೋಟಕ್ಕೆ ಡ್ರಿಪ್ ಹಾಕಿಸುವಾಗ ಬುಡಕ್ಕೆ ಹನಿ ಬಿದ್ದರೆ ಸಾಕು, ಹೊಲವೆಲ್ಲ ನೀರು ಹಾಯಿಸುವುದು ದಂಡ ಎಂದು ನನಗೆ ಪಾಠ ಹೇಳಿದವನು ನೀನೇ ಅಲ್ಲವೇ?

ಪಂಪಿನಲ್ಲಿ ಎರಡು ಜಾತಿ. ಒಂದು ಆ ಹೊತ್ತಿಗೆ ನಾಳ ಬಿಚ್ಚಿ ಉಸಿರು ಸರಾಗ ಮಾಡುವ ಬಿಡುಗಡೆಯ ಪಂಪ್. ಇನ್ನೊಂದು ನಾಳದ ಒಳಗಿನ ಬಾವು ಇಳಿಸುವುದು, ಅದರಲ್ಲಿ ಸ್ಟಿರಾಯ್ಡ್ ಇರುತ್ತದೆ, ಅದೂ ಮೈಕ್ರೊಗ್ರಾಂ ಲೆಕ್ಕದಲ್ಲಿ. ಜನಕ್ಕೆ ಮೊದಲನೆಯದರ ಮೇಲೆ ಪ್ರೀತಿ, ಹತ್ತು ನಿಮಿಷದಲ್ಲಿ ಸುಖ ಕೊಡುತ್ತದೆ. ಎರಡನೆಯದು ದಿನಾ ತೆಗೆದುಕೊಂಡರೂ ಏನಾಯಿತೆಂದು ಗೊತ್ತಾಗುವುದಿಲ್ಲ, ಹಾಗಾಗಿ ಆರಾಮಾದ ಕೂಡಲೇ ಅದನ್ನು ಬಿಡುತ್ತಾರೆ. ಆರಾಮಾದದ್ದು ಅದರಿಂದಲೇ! ಸಾಲ್ಬುಟಮಾಲ್ ಒಂದನ್ನೇ ನಂಬಿ ಅಸ್ತಮಾ ನಡೆಸುವುದು ದೊಡ್ಡವರಿಗೂ ಹರೆಯದವರಿಗೂ ಅಪಾಯ ಎಂದು ಅಸ್ತಮಾದ ಜಾಗತಿಕ ತಜ್ಞ ಮಂಡಳಿ 2019ರಲ್ಲೇ ಹೇಳಿತು. ಬಾವು ಇಳಿಸುವ ಔಷಧ ಜೊತೆಗಿರಲೇಬೇಕು. ತಿಂಗಳಿಗೊಂದು ಬಿಡುಗಡೆಯ ಪಂಪ್ ಖಾಲಿ ಮಾಡುವ ಗಿರಾಕಿ ನನ್ನ ಮಗನ ಗಲ್ಲೆಗೆ ಒಳ್ಳೆಯವನು, ಅವನ ಅಸ್ತಮಾ ಮಾತ್ರ ಕೈಮೀರಿದೆ ಎಂದು ತಿಳಿಯಬೇಕು.

ತೆಗೆದುಕೊಳ್ಳುವ ರೀತಿ ತಪ್ಪಿದರೆ ಔಷಧ ನಾಲಿಗೆಯ ಮೇಲೇ ಉಳಿಯುತ್ತದೆ. ಒತ್ತುವ ಪಂಪ್ ಆದರೆ ಚೆನ್ನಾಗಿ ಅಲ್ಲಾಡಿಸು, ಉಸಿರು ಪೂರ್ತಿ ಹೊರಬಿಡು, ತುಟಿ ಬಿಗಿ ಹಿಡಿ, ನಿಧಾನಕ್ಕೆ ಉಸಿರು ಎಳೆಯಲು ಶುರುಮಾಡಿ ಆಗ ಒತ್ತು, ಎಳೆಯುತ್ತಲೇ ಹೋಗು, ಹತ್ತು ಎಣಿಸುವವರೆಗೆ ಉಸಿರು ಹಿಡಿ. ಎರಡನೆಯ ಸಲಕ್ಕೆ ಅರ್ಧ ನಿಮಿಷ ಬಿಡು. ಕೈಯೂ ಉಸಿರೂ ಹೊಂದಿಕೆಯಾಗದಿದ್ದರೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಸಿಗುತ್ತದೆ, ವಯಸ್ಸಾದವರಿಗೆ ಅದನ್ನು ಕೊಡಿಸದೆ ಪಂಪ್ ಕೊಡಿಸಬೇಡ. ಕ್ಯಾಪ್ಸೂಲ್ ಹಾಕಿ ಎಳೆಯುವ ಪುಡಿಯ ಯಂತ್ರದ ರೀತಿ ಇದಕ್ಕೆ ತಿರುವುಮುರುವು: ಅಲ್ಲಿ ಜೋರಾಗಿ, ದೀರ್ಘವಾಗಿ ಎಳೆಯಬೇಕು. ಆ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗಿ “ಗುಣ ಇಲ್ಲರಿ” ಎಂದು ಬಂದವರು ಒಬ್ಬಿಬ್ಬರಲ್ಲ. ಸ್ಟಿರಾಯ್ಡ್ ಪಂಪ್ ಆದಮೇಲೆ ಬಾಯಿ ಮುಕ್ಕಳಿಸಿ ಉಗುಳದಿದ್ದರೆ ಬಾಯಲ್ಲಿ ಬಿಳಿ ಬೂಸರು ಕಟ್ಟುತ್ತದೆ.

ಮೃಗಶಿರ ಮಳೆಯ ಹೊತ್ತಿಗೆ ಹೈದರಾಬಾದಿಗೆ ಮೀನಿನ ಔಷಧಕ್ಕೆಂದು ಹೊರಡುವವರು ನಮ್ಮಲ್ಲೂ ಇದ್ದಾರೆ. ನಾನು ಜಗಳ ಆಡುವುದಿಲ್ಲ. ಹೋಗು, ಮೀನು ನುಂಗು, ಪಂಪ್ ಮಾತ್ರ ಕಿಸೆಯಲ್ಲಿರಲಿ. ಜಗಳ ಆಡುವುದು ಪುಡಿಕೆ ಪುಡಿಯ ಮೇಲೆ. ಒಂದೇ ರಾತ್ರಿಯಲ್ಲಿ ದಮ್ಮು ಇಳಿಸಿ, ಹಸಿವು ಎಬ್ಬಿಸಿ, ಮುಖ ತುಂಬಿಸುವ ಹೆಸರಿಲ್ಲದ ಪುಡಿ ಬಹಳ ಸಲ ಸ್ಟಿರಾಯ್ಡ್ ಮಾತ್ರೆ ಕುಟ್ಟಿದ್ದೇ ಆಗಿರುತ್ತದೆ. ತಿಂಗಳುಗಟ್ಟಲೆ ತಿಂದರೆ ಸಕ್ಕರೆ ಕಾಯಿಲೆ, ಕಣ್ಣಿಗೆ ಪೊರೆ, ಎಲುಬು ಪೊಳ್ಳು. ಪಂಪಿನಲ್ಲಿರುವ ಸ್ಟಿರಾಯ್ಡ್‌ಗೆ ಅಂಜುವವರು ಇದನ್ನು ಕಣ್ಣಿಗೊತ್ತಿಕೊಂಡು ತಿನ್ನುತ್ತಾರೆ. ಬಹಳ ದಿನ ತಿಂದಿದ್ದರೆ ನನ್ನ ಮಾತು ಕೇಳಿ ಗಕ್ಕನೆ ನಿಲ್ಲಿಸಲೂ ಬೇಡ, ಅದೂ ಜೀವಕ್ಕೆ ಅಪಾಯ. ಡಾಕ್ಟರರು ಇಳಿಸುತ್ತಾ ಬಿಡಿಸಬೇಕು.

ಔಷಧದವನಾಗಿ ನನಗೆ ಮಾತ್ರ ತಟ್ಟನೆ ಹೊಳೆಯುವ ಒಂದೆರಡು ಸಂಗತಿ ಇವೆ. ಬಿ.ಪಿ.ಗೆ ಎನಾಲಾಪ್ರಿಲ್, ರಾಮಿಪ್ರಿಲ್ ತಿನ್ನುವ ಕೆಲವರಿಗೆ ಗಂಟಲು ಕೆರೆಯುವ ಒಣಕೆಮ್ಮು ಹತ್ತುತ್ತದೆ. ಮಾತ್ರೆ ಬದಲಿಸಿಕೊಟ್ಟರೆ ಅದು ನಿಲ್ಲುತ್ತದೆ, ಬಾಟಲಿಗೆ ನಿಲ್ಲುವುದಿಲ್ಲ. ಪ್ರೊಪ್ರನೊಲಾಲ್ ಅಸ್ತಮಾ ಕೆರಳಿಸುತ್ತದೆ. ಕಣ್ಣಿನ ಒತ್ತಡಕ್ಕೆ ಹಾಕುವ ಟಿಮೊಲಾಲ್ ಹನಿ ಕೂಡ ಹಾಗೆಯೇ: ಕಣ್ಣಿಗೆ ಹಾಕಿದ ಹನಿ ಎದೆ ಹಿಡಿಸೀತೆಂದು ಯಾರಿಗೆ ತಾನೇ ಅನುಮಾನ ಬಂದೀತು? ಆಸ್ಪಿರಿನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಕೆಲವು ಅಸ್ತಮಾದವರಿಗೆ ಆಗುವುದಿಲ್ಲ. ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಮಾತ್ರೆ, ಹನಿ, ಪುಡಿ ಎಲ್ಲವನ್ನೂ ಒಂದು ಕೈಚೀಲಕ್ಕೆ ಸುರಿದುಕೊಂಡು ಹೋಗು.

ತಡ ಮಾಡಬಾರದ ಹೊತ್ತು ಯಾವುದೆಂದು ಮನೆಯವರೆಲ್ಲರಿಗೂ ಗೊತ್ತಿರಲಿ. ಒಂದು ವಾಕ್ಯ ಒಂದೇ ಉಸಿರಿಗೆ ಮುಗಿಸಲಾಗದಿದ್ದರೆ, ನಿಮಿಷಕ್ಕೆ ಮೂವತ್ತಕ್ಕಿಂತ ಹೆಚ್ಚು ಉಸಿರಾಡುತ್ತಿದ್ದರೆ, ತುಟಿ ನೀಲಿಯಾದರೆ, ಪಂಪ್ ಹೊಡೆದರೂ ಇಳಿಯದಿದ್ದರೆ 108ಕ್ಕೆ ಫೋನ್ ಮಾಡಬೇಕು. ಗಾಡಿ ಬರುವತನಕ ಮಲಗಿಸಬೇಡ. ಸ್ವಲ್ಪ ಮುಂದೆ ಬಾಗಿ ಕೂರಿಸು, ಸ್ಪೇಸರಿನಲ್ಲಿ ಒಂದೊಂದೇ ಸಲ, ನಡುವೆ ನಾಲ್ಕಾರು ಉಸಿರು ಬಿಟ್ಟು, ಬಿಡುಗಡೆಯ ಪಂಪ್ ಕೊಡುತ್ತಿರು. ಚಳಿಜ್ವರದ ಜೊತೆ ಉಸಿರೆಳೆದಾಗ ಪಕ್ಕೆಯಲ್ಲಿ ಚುಚ್ಚಿದರೆ ನಿಮೋನಿಯಾ ಇರಬಹುದು. ಮುದುಕರಲ್ಲಿ ಜ್ವರವೇ ಬರದೆ ಬರೀ ಮಂಕು ಕವಿದು, ಊಟ ಬಿಟ್ಟು, ಎದುರಿಗಿದ್ದವರ ಹೆಸರು ಮರೆತು ಮಾತಾಡಿದರೂ ಅದೇ ಇರಬಹುದು. ಬೆರಳಿಗೆ ಹಾಕುವ ಆಕ್ಸಿಜನ್ ಮೀಟರ್ ಕೊರೊನಾ ಕಾಲದ್ದು ಅಲಮಾರಿಯಲ್ಲಿದ್ದರೆ ಸೆಲ್ ಬದಲಿಸಿಡು. ಆದರೆ ಹಳೆಯ ಸಿ.ಓ.ಪಿ.ಡಿ. ಇದ್ದವರಿಗೆ ಮನೆಯಲ್ಲಿ ಸಿಲಿಂಡರ್ ಇದ್ದರೆ, ಅಂಕಿ ಏರಲಿ ಎಂದು ನೀವೇ ತಿರುವಬೇಡಿ; ಕೆಲವರಿಗೆ ಆಕ್ಸಿಜನ್ ಹೆಚ್ಚಾದರೂ ಕೆಡುಕು.

ಬೀಡಿಯ ಬಗ್ಗೆ ಉಪದೇಶ ಮಾಡುವುದಿಲ್ಲ, 1800-11-2356ಕ್ಕೆ ಪುಕ್ಕಟೆ ಫೋನ್ ಮಾಡಿದರೆ ಬಿಡಿಸುವವರು ಸಿಗುತ್ತಾರೆ. ಸಿ.ಓ.ಪಿ.ಡಿ. ಇದ್ದವರು, ಅರವತ್ತೈದು ದಾಟಿದವರು ಫ್ಲೂ ಲಸಿಕೆಯನ್ನು ವರ್ಷಕ್ಕೊಮ್ಮೆ, ನಿಮೋನಿಯಾದ ಲಸಿಕೆಯನ್ನು ಡಾಕ್ಟರ್ ಹೇಳಿದಂತೆ ಕೇಳಿ ಹಾಕಿಸಿಕೊಳ್ಳಿ.

ಉಳಿದದ್ದು ಊದುವ ಪರೀಕ್ಷೆ, ಸ್ಪೈರೊಮೆಟ್ರಿ. ತುಂಬ ಉಸಿರು ಎಳೆದು ಬಲವಾಗಿ ಊದಬೇಕು. ಊದಿದ ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿನಲ್ಲಿ ಎಷ್ಟು ಬಂತೆಂದು ಯಂತ್ರ ಅಳೆಯುತ್ತದೆ. ಪಂಪ್ ಕೊಟ್ಟು ಮತ್ತೆ ಊದಿಸಿದಾಗಲೂ ನೂರಕ್ಕೆ ಎಪ್ಪತ್ತಕ್ಕಿಂತ ಕಡಿಮೆ ಇದ್ದರೆ ಸಿ.ಓ.ಪಿ.ಡಿ. ಕಡೆ ಬೆರಳು. ಪಂಪಿನ ನಂತರ ಗಾಳಿ ಚೆನ್ನಾಗಿ ಹೆಚ್ಚಿದರೆ ಅಸ್ತಮಾದ ಕಡೆ. ಸೂಜಿ ಇಲ್ಲ, ರಕ್ತ ಇಲ್ಲ. ದ್ರಾಕ್ಷಿ ಬಳ್ಳಿಯ ಅಕ್ಟೋಬರ್ ಚಾಟ್ನಿ ಮುಗಿದು ತೋಟಕ್ಕೆ ಔಷಧ ಹೊಡೆಯುವ ಗದ್ದಲದ ನಡುವೆ ಒಂದು ದಿನ ತೆಗೆದು ಅವ್ವನನ್ನೂ ಕರೆದುಕೊಂಡು ಬಾ, ಶೆಡ್ಡಿನ ಕಾಲ ಬರುವವರೆಗೆ ಮುಂದೂಡಬೇಡ. ಆ ದಿನ ಹೊಟ್ಟೆ ಬಿರಿಯೆ ಉಂಡು ಬರಬೇಡ, ಬೀಡಿ ಸೇದಿ ಬರಬೇಡ. ಮುಂಜಾನೆಯ ಪಂಪ್ ತೆಗೆದುಕೊಳ್ಳಬೇಕೋ ಬಿಡಬೇಕೋ ಎಂಬುದನ್ನು ಹಿಂದಿನ ದಿನವೇ ಫೋನ್ ಮಾಡಿ ಆಸ್ಪತ್ರೆಯವರನ್ನೇ ಕೇಳಿಕೋ.